ಹನ್ನೆರಡು ಜನರ ನಾಡಿ

ಎಂಬತ್ತಮೂರರ ಮಾರ್ಗಶಿರ. ತೆಂಗಿನ ಗರಿಗಳಿಂದ ಮಂಜು ಇನ್ನೂ ತೊಟ್ಟಿಕ್ಕುತ್ತಿತ್ತು. ನಿಟ್ಟೂರಿನ ಪಕ್ಕದ ಹೊಲಗಳಲ್ಲಿ ರಾಗಿ ಕೊಯ್ಲು ಶುರುವಾಗಿತ್ತು. ಅಂದು ರಸ್ತೆ ಬದಿಯ ಜುಂಜಪ್ಪನ ಹೊಲದ ಸರದಿ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂದು ಮುಯ್ಯಾಳಾಗಿ ದುಡಿಯುವ ಹನ್ನೆರಡು ಮಂದಿ ಕುಡುಗೋಲು ಹಿಡಿದು ಬದುವಿನ ಮೇಲೆ ನಿಂತಿದ್ದರು. ಅಷ್ಟರಲ್ಲಿ ಗುರುಸಿದ್ದಯ್ಯನ ಮಗ ಅಂಜನಮೂರ್ತಿ ನೋಟ್‌ಬುಕ್ಕು, ಕೈಗಡಿಯಾರ ಹಿಡಿದು ಓಡಿಬಂದು ಅಡ್ಡ ನಿಂತ.

ಅಂಜನಮೂರ್ತಿ ಬೆಂಗಳೂರಿನಲ್ಲಿ ಯೂನಿವರ್ಸಿಟಿ ಸೇರಿ ದೈಹಿಕ ಶಿಕ್ಷಣ ಓದುತ್ತಿದ್ದ. ಮೈಮುರಿದು ದುಡಿಯುವ ಹನ್ನೆರಡು ಗಂಡಸರು ದಿನವಿಡೀ ಸುಮ್ಮನೆ ಕೂತರೆ ಅವರ ನಾಡಿ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆ ಎಂದು ಅವನು ಬರೆದುಕೊಡಬೇಕಿತ್ತು. ರಜೆಯನ್ನೆಲ್ಲ ಗುಬ್ಬಿಯ ಟೆಂಟ್ ಸಿನಿಮಾದಲ್ಲಿ ಕಳೆದಿದ್ದ. ಅವನ ಮೇಷ್ಟ್ರು ಶಿವರಾಮಯ್ಯ ಆ ಸಂಜೆಯೇ ತುಮಕೂರಿನ ತಮ್ಮ ಮನೆಯಿಂದ ಸ್ಕೂಟರಿನಲ್ಲಿ ಬಂದು ನೋಟ್‌ಬುಕ್ಕು ನೋಡುವವರಿದ್ದರು. ಖಾಲಿಯಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಗದ ಹಾಕಿದ್ದರು.

"ಇವತ್ತು ಯಾರೂ ಕೆಲ್ಸ ಮುಟ್ಟಂಗಿಲ್ಲ ಕಣಣ್ಣ. ಸಂಜೆಗಂಟ ಸುಮ್ನೆ ಕೂತಿರ್ಬೇಕು," ಎಂದ ಅಂಜನಮೂರ್ತಿ.

ಜುಂಜಪ್ಪ ಕುಡುಗೋಲನ್ನು ಹೆಗಲಿಗೇರಿಸಿ ಸಾವಕಾಶವಾಗಿ ಯೋಚಿಸಿದ. "ಕೂತ್ಕೊಳೋದೂ ಆಳು ಲೆಕ್ಕಾನೇ ಕಣ್ಲಾ ಮೂರ್ತಿ. ಹನ್ನೆರಡು ಆಳು ನಿನಗೋಸ್ಕರ ಕೂತ್ರೆ ಹನ್ನೆರಡು ಮುಯ್ಯಿ ಆಯ್ತದೆ. ಇವತ್ತು ನಂದು ತೀರ್ಸು. ನಾಳೆಯಿಂದ ಮಿಕ್ಕ ಹನ್ನೊಂದು ಜನಕ್ಕೆ ಒಂದೊಂದಿನ ಕುಯ್ಯಿ."

ಅಂಜನಮೂರ್ತಿ ಕೂಡಲೇ ಒಪ್ಪಿದ. ಸಂಜೆ ಮೇಷ್ಟ್ರ ಸ್ಕೂಟರಿನ ಹಿಂದೆ ಕೂತು ತುಮಕೂರು ಸೇರಿಬಿಟ್ಟರೆ ಮುಯ್ಯಿ ಕೇಳಲು ಅಲ್ಲಿಗೆ ಯಾರು ಬರುತ್ತಾರೆ? ಬಟ್ಟೆಯ ಚೀಲವನ್ನೂ ಆಗಲೇ ತಂದು ಹೊಂಗೆಮರದ ಹಿಂದೆ ಇಟ್ಟಿದ್ದ.

ಹನ್ನೆರಡು ಮಂದಿ ಬೀಗರೂಟಕ್ಕೆ ಬಂದವರ ಹಾಗೆ ಹೊಂಗೆ ನೆರಳಿನಲ್ಲಿ ಸಾಲಾಗಿ ಕೂತರು. ಎದುರಿಗೆ ಅಂಜನಮೂರ್ತಿ ಒಬ್ಬನೇ ಬಗ್ಗಿದ. ಮೈದಾನದಲ್ಲಿ ನೂರು ಮೀಟರು ಓಡಿ ಬಹುಮಾನ ತಂದ ಮೈ ಅದು. ಆದರೆ ಅರ್ಧ ಸಾಲು ಕುಯ್ಯುವಷ್ಟರಲ್ಲಿ ಸೊಂಟ ಯಾರಿಂದಲೋ ಎರವಲು ತಂದಂತಾಯಿತು. ಕೂತವರು ಬಾಯಿಗೆ ವಿಶ್ರಾಂತಿ ಕೊಡಲಿಲ್ಲ. ಬುಡ ಬಿಟ್ಟು ಕುಯ್ಯುತ್ತಾನೆ, ಹುಲ್ಲೆಲ್ಲ ದಂಡವಾಯಿತು ಎಂದು ಬೀರಯ್ಯ ಕೊರಗಿದ. ಕುಡುಗೋಲನ್ನು ಪೆನ್ನು ಹಿಡಿದಂತೆ ಹಿಡಿದಿದ್ದಾನೆ ಎಂದು ಇನ್ನೊಬ್ಬ ತೋರಿಸಿದ. ಒಂದು ಎಮ್ಮೆ ಹೊಲಕ್ಕೆ ನುಗ್ಗಿದಾಗ ಬೀರಯ್ಯ ಎದ್ದ. ಎದ್ದರೆ ನಾಡಿ ಕೆಡುತ್ತದೆಂದು ಅವನನ್ನು ಕೂರಿಸಿ, ಅಂಜನಮೂರ್ತಿಯೇ ಅದನ್ನು ಕೆರೆ ಏರಿಯ ತನಕ ಅಟ್ಟಿ ಬಂದ. ನೀರು ಕೇಳಿದರು, ಬಿಂದಿಗೆ ಹೊತ್ತು ತಂದ. ಮಧ್ಯಾಹ್ನ ಜುಂಜಪ್ಪನ ಹೆಂಡತಿ ಪುಟ್ಟಗಂಗಮ್ಮ ಬುತ್ತಿ ತಂದವಳು, ಎರಡೆರಡು ಮುದ್ದೆ ಉಂಡು ಕಾಲು ಚಾಚಿದ ಗಂಡಸರನ್ನು ನೋಡಿ, ಇದು ಯಾವ ರೋಗ ಎಂದು ವಿಚಾರಿಸಿದಳು. ರೋಗವಲ್ಲ, ಯೂನಿವರ್ಸಿಟಿ ಕೆಲಸ ಎಂದ ಜುಂಜಪ್ಪ ಮಗ್ಗುಲು ಬದಲಿಸಿ.

ಹೊತ್ತು ಇಳಿಯಿತು. ಅಂಜನಮೂರ್ತಿ ಕುಡುಗೋಲು ಎಸೆದು, ಏದುಸಿರು ಬಿಡುತ್ತಲೇ ಒಬ್ಬೊಬ್ಬರ ಮಣಿಕಟ್ಟು ಒತ್ತಿ ಹಿಡಿದು ಎಣಿಸುತ್ತ ಹೋದ. ಮೊದಲು ಕೈಕೊಟ್ಟ ಜುಂಜಪ್ಪನದು ನೂರ ಇಪ್ಪತ್ತನಾಲ್ಕು. ಬೀರಯ್ಯನದು ನೂರ ಹದಿನೆಂಟು. ಹಾಗೇ ಇಳಿಯುತ್ತ ಬಂದು, ಕಟ್ಟಕಡೆಗೆ ಕೂತಿದ್ದ ಎಪ್ಪತ್ತು ದಾಟಿದ ಗೂರಲು ಕೆಮ್ಮಿನ ಮುದುಕ ಚಿಕ್ಕರಂಗಯ್ಯನದು ಬರೀ ಎಂಬತ್ತನಾಲ್ಕು. ಊರಿಗೇ ಗಟ್ಟಿಗ ಎನಿಸಿಕೊಂಡಿದ್ದ ಜುಂಜಪ್ಪ ಮಂಕಾಗಿ ಎದೆ ಮುಟ್ಟಿ ನೋಡಿಕೊಂಡ.

"ಇನ್ಮೇಲೆ ಮೂಟೆ ಗೀಟೆ ಎತ್ಬ್ಯಾಡ ಕಣಪ್ಪ ಜುಂಜ," ಎಂದ ಚಿಕ್ಕರಂಗಯ್ಯ ಮೀಸೆಯ ಮೇಲೆ ಕೈಯಾಡಿಸುತ್ತ. "ನನ್ನ ಕರಿ."

ಅಷ್ಟರಲ್ಲಿ ಸ್ಕೂಟರು ಬಂದು ನಿಂತಿತು. ಶಿವರಾಮಯ್ಯ ಮೇಷ್ಟ್ರು ನೋಟ್‌ಬುಕ್ಕನ್ನು ಎರಡೆರಡು ಸಲ ಓದಿ, ಹೇಗೆ ಎಣಿಸಿದೆ ತೋರಿಸು ಎಂದರು. ಅಂಜನಮೂರ್ತಿ ಜುಂಜಪ್ಪನ ಮಣಿಕಟ್ಟಿನ ಮೇಲೆ ಹೆಬ್ಬೆರಳು ಊರಿದ.

"ಹೆಬ್ಬೆರಳಲ್ಲೇ ಒಂದು ನಾಡಿ ಬಡೀತಿರುತ್ತೆ ಕಣಯ್ಯ," ಎಂದರು ಮೇಷ್ಟ್ರು. "ಇವರದ್ದಲ್ಲ, ಹನ್ನೆರಡು ಸಲವೂ ನೀನು ಎಣಿಸಿರೋದು ನಿಂದೇ."

ತಾವೇ ಎರಡು ಬೆರಳಿಟ್ಟು ಎಣಿಸಿದರು. ಜುಂಜಪ್ಪನದು ಅರವತ್ತನಾಲ್ಕು. ಜುಂಜಪ್ಪ ಮತ್ತೆ ಎದೆಯುಬ್ಬಿಸಿ ಕೂತ. ಅಂಜನಮೂರ್ತಿಯ ಮುಖ ನೆನೆದ ಹಪ್ಪಳವಾಯಿತು.

ಆದರೆ ಮೇಷ್ಟ್ರು ನೋಟ್‌ಬುಕ್ಕು ಮುಚ್ಚಲಿಲ್ಲ. ದಿನವಿಡೀ ದುಡಿದ ಎದೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ತಣ್ಣಗಾಗುವುದನ್ನು ಇಷ್ಟು ಚೆನ್ನಾಗಿ ಇದುವರೆಗೆ ಯಾವ ವಿದ್ಯಾರ್ಥಿಯೂ ಬರೆದು ತಂದಿರಲಿಲ್ಲವಂತೆ. ಆ ಹನ್ನೆರಡು ಜನರನ್ನು ಬಿಟ್ಟು ನಿನ್ನ ಮೇಲೆ ನೀನೇ ಬರಿ, ಪರೀಕ್ಷೆಗೆ ನಾನು ಕೂರಿಸುತ್ತೇನೆ ಎಂದರು. ಅಂಜನಮೂರ್ತಿಗೆ ಹೋದ ಜೀವ ಬಂತು. ಓಡಿಹೋಗಿ ಮರದ ಹಿಂದಿನ ಚೀಲ ಎತ್ತಿಕೊಂಡು ಬಂದ.

"ಚೀಲ ಯಾಕೆ?" ಎಂದರು ಮೇಷ್ಟ್ರು. "ಒಂದಿನದ್ದು ಸಾಲಲ್ಲ. ಹನ್ನೆರಡು ಕಾಲಂ ಗೆರೆ ಎಳೆದಿದ್ದೀಯಲ್ಲ, ಇನ್ನೂ ಹನ್ನೊಂದು ದಿನ ಹೀಗೇ ಕುಯ್ದು ತುಂಬ್ಸು."

ಜುಂಜಪ್ಪ ಎದ್ದು ಮೇಷ್ಟ್ರಿಗೆ ಭಕ್ತಿಯಿಂದ ಕೈಮುಗಿದ. ಹುಡುಗನ ಓದಿನ ಜವಾಬ್ದಾರಿ ಇನ್ನು ಊರಿನದು ಎಂದ. ಬೀರಯ್ಯ ಒಂದು ಮೂಟೆ ಸೊಗಡು ಅವರೆಕಾಯಿ ತಂದು ಸ್ಕೂಟರಿನ ಹಿಂದಿನ ಸೀಟಿಗೆ ಹಗ್ಗ ಹಾಕಿ ಬಿಗಿದ. ಸ್ಕೂಟರು ಧೂಳೆಬ್ಬಿಸಿಕೊಂಡು ತುಮಕೂರಿನ ಕಡೆ ಹೊರಟಿತು.

ಚೀಲ ಹಿಡಿದು ನೋಡುತ್ತ ನಿಂತವನ ಹೆಗಲ ಮೇಲೆ ಬೀರಯ್ಯ ಕೈಯಿಟ್ಟ.

"ನಾಳೆ ನಂದು ಕಣ್ಲಾ ಮೂರ್ತಿ. ಹೊತ್ತುಟ್ಟೋಕ್ ಮುಂಚೆ ಬಂದ್ಬುಡು. ಕುಡುಗೋಲು ಮಸೆದಿಟ್ಟಿರ್ತೀನಿ."