ಗಂಗವ್ವನ ಹೆಸರಿನ ಮುಂದಿನ ಗುರುತು

ಮಾರ್ಚ್ ಒಂಬತ್ತು, ಭಾನುವಾರ. ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷ.

ನಮ್ಮ ಕಾಕಾ ಸೀನುವ ಮೊದಲೂ ಅಕ್ಕಪಕ್ಕದವರ ಒಪ್ಪಿಗೆ ಪಡೆಯುತ್ತಾರೆ! ನಂಬುವುದಿಲ್ಲವೇ? ಜಲನಗರದಿಂದ ಹೊರಟ ಆಟೊದಲ್ಲಿ, ‘ನಾ ಮೊದಲ ಇಳಿದ್ರ ನಡೀತೈತೇನ್ರಿ?’ ಎಂದು ಒಬ್ಬೊಬ್ಬರನ್ನೇ ಕೇಳುತ್ತ, ಇಳಿಯಬೇಕಾದ ಗಾಂಧಿ ಚೌಕವನ್ನೇ ದಾಟಿ ಹೋದದ್ದು ನನ್ನ ಡೈರಿಯ ಪ್ರಕಾರ ಆರು ಸಲ.

ಇಂಥವರನ್ನು, ಅವರೂ ದುಡಿಯುತ್ತಿದ್ದ ಒಣದ್ರಾಕ್ಷಿ ಶೆಡ್ಡಿನ ನಲವತ್ತೊಂದು ಕೆಲಸಗಾರರು ತಮ್ಮೆಲ್ಲರ ಪರವಾಗಿ ಕೋರ್ಟಿಗೆ ಕಳಿಸಿದರು. ಅವರೆಲ್ಲರನ್ನೂ ಕೆಲಸದಿಂದ ತೆಗೆದಿದ್ದ ಮಾಲೀಕ ಕಡೆಗೆ ರಾಜಿಗೆ ಬಂದ. ಎಲ್ಲರಿಗೂ ಮತ್ತೆ ಕೆಲಸ, ಆದರೆ ಹಾಜರಿ ಪುಸ್ತಕ ಇಡುವ ಮೊದಲು ದುಡಿದ ವರ್ಷಗಳು ಲೆಕ್ಕಕ್ಕಿಲ್ಲ. ಇಂಥ ರಾಜಿ ನ್ಯಾಯಾಧೀಶರು ಒಪ್ಪದೆ ನಡೆಯದು. ಅವರು ಮೊದಲು ಕೇಳುವುದೇ, ಕೋರ್ಟಿಗೆ ಬಾರದವರಿಗೆ ಇದು ಗೊತ್ತೇ ಎಂದು.

ವಕೀಲರು ಒಂದು ಸಭೆ ಸಾಕೆಂದರು. ಕಾಕಾಗೆ ಸಾಲುತ್ತದೆಯೇ? ಮನೆಮನೆಗೆ ಹೋಗಿ ರಾಜಿಪತ್ರ ಓದಬೇಕು, ಕೇಳಿದವರು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು, ಆಮೇಲೆ ನಾನು ವಹಿಯಲ್ಲಿ ಗುರುತು ಹಾಕಬೇಕು! ಬಬಲೇಶ್ವರದಲ್ಲಿ ರೊಟ್ಟಿ ಬಡಿಯುತ್ತಿದ್ದ ಒಬ್ಬಾಕೆ, ‘ಯಪ್ಪಾ, ಲಗ್ನದಾಗೂ ನನ್ನ ಇಷ್ಟು ಯಾರೂ ಕೇಳಿಲ್ಲ ಬಿಡ್ರಿ!’ ಎಂದಳು.

‘ಅದಕ್ಕs ಈಗ ಕೇಳಾಕತ್ತೇನಿ. ತಿರಿಗಿ ಹೇಳು ಯವ್ವಾ.’

ಎರಡು ರೊಟ್ಟಿ ಸೀದವು.

ಟಿಕೋಟಾದಲ್ಲಿ ಕಾಕಾಗೆ ಮೊಣಕಾಲು ನೋವು. ಕೊನೆಯ ಮನೆಗೆ ನನ್ನೊಬ್ಬಳನ್ನೇ ಕಳಿಸಿದರು. ಗಂಗವ್ವನ ಬಾಗಿಲಿಗೆ ಬೀಗ! ಹಾಜರಿ ಪುಸ್ತಕಕ್ಕಿಂತ ಮೊದಲೇ ಶೆಡ್ಡಿಗೆ ಬಂದವಳು ಅವಳೊಬ್ಬಳೇ, ರಾಜಿಯಲ್ಲಿ ವರ್ಷಗಳನ್ನು ಕಳೆದುಕೊಳ್ಳುವವಳೂ ಅವಳೊಬ್ಬಳೇ. ‘ಮಗಳ ಊರಿಗೆ ಹೋಗ್ಯಾಳ’ ಎಂದರು ಪಕ್ಕದವರು. ಮಧ್ಯಾಹ್ನ ಒಂದೂವರೆ, ಸುಡುಬಿಸಿಲು, ಬಸ್ ಸ್ಟ್ಯಾಂಡಿನಲ್ಲಿ ಬಿಸಿ ಮಿರ್ಚಿ ಭಜಿ. ಗುರುತು ಹಾಕಿಬಿಟ್ಟೆ.

‘ಎಲ್ಲರನ್ನೂ ಕೇಳಿದ್ದೀರಾ?’ ಎಂದರು ನ್ಯಾಯಾಧೀಶರು. ಕಾಕಾ ನನ್ನ ವಹಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ‘ನಮ್ಮ ಹುಡುಗಿ ಬರದಾಳ್ರಿ ಸಾಹೇಬ್ರ. ಆಕಿ ಊಟಕ್ಕ ಕುಂತ ಹೊತ್ತು ಸೈತ ತಪ್ಪು ಬರಿಯಂಗಿಲ್ಲ!’

ಎಲ್ಲರೂ ನಕ್ಕರು. ನಾನು ತಲೆ ಎತ್ತಲಿಲ್ಲ. ಆದೇಶ ಮರುದಿನಕ್ಕೆ ಹೋಯಿತು.

ಹೊರಗೆ ಬೇವಿನ ಮರದ ಕೆಳಗೆ ಎಲ್ಲ ಹೇಳಿಬಿಟ್ಟೆ. ಕಾಕಾ ನಾಲ್ಕು ನಿಮಿಷ ವಹಿಯ ಹಾಳೆ ತಿರುವಿದರು. (ಆಗಲೂ ಗಡಿಯಾರ ನೋಡಿದ್ದೆ, ನನ್ನ ಬುದ್ಧಿಗಿಷ್ಟು!)

‘ತಪ್ಪು ನಂದs ಅಂತ ಹೇಳ್ತೀನಿ ಯವ್ವಾ. ನಿನ್ನ ಒಪ್ಪಿಗಿ ಐತೇನು?’

‘ಇಲ್ಲ ಕಾಕಾ.’

ಇಡೀ ರಾಜಿಯಲ್ಲಿ ಅವರಿಗೆ ಸಿಕ್ಕ ಮೊದಲ ‘ಇಲ್ಲ’.

‘ತಿರಿಗಿ ಹೇಳು.’

‘ತಪ್ಪು ನಂದು. ನಾನs ಹೇಳ್ತೀನಿ.’

ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ಅದೊಂದಕ್ಕೆ ಮಾತ್ರ ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ.

ಮರುದಿನ ಕೋರ್ಟಿನಲ್ಲಿ ಹೇಳಿದೆ. ಗಂಗವ್ವನನ್ನು ಕೇಳುವವರೆಗೆ ರಾಜಿಗೆ ಒಪ್ಪಿಗೆಯಿಲ್ಲ ಎಂದರು ನ್ಯಾಯಾಧೀಶರು. ನಲವತ್ತು ಜನ ಕೆಲಸವಿಲ್ಲದೆ ಕಾಯುತ್ತಿದ್ದಾರೆ. ಗಂಗವ್ವನ ಮಗಳ ಊರು ಸೊಲ್ಲಾಪುರದ ಕಡೆ ಎಂಬುದಷ್ಟೇ ಪಕ್ಕದವರಿಗೆ ಗೊತ್ತು. ಒಣದ್ರಾಕ್ಷಿ ಆರಿಸುತ್ತಿದ್ದ ಟಿಕೋಟಾದ ಗಂಗವ್ವ ಎಲ್ಲಿದ್ದಾಳೆಂದು ತಿಳಿದವರು ದಯವಿಟ್ಟು ಬರೆದು ತಿಳಿಸಿ. ಅವಳು ‘ಇಲ್ಲ’ ಎನ್ನುವುದಾದರೆ ಅದನ್ನೂ ಬರೆದುಕೊಳ್ಳುತ್ತೇನೆ.