‘ಹಾವಿನ ಹೊಟ್ಟೆಯಲ್ಲಿ ಹಗಲು’ ಬಿಡುಗಡೆಯಾದ ಬಗೆ

“ಇಗೋ ನೋಡಿ! ಇನ್ಮೇಲೆ ನಮ್ಮ ಬ್ಯಾಂಡ್‌ನಲ್ಲಿ ಜಗಳ ಅನ್ನೋದೇ ಇರಲ್ಲ!” ಎಂದು ಘೋಷಿಸಿ ಶೇಷು ಮೇಜಿನ ಮೇಲಿದ್ದ ಹೊದಿಕೆಯನ್ನು ಎಳೆದ.

ಅದರಡಿ ಇದ್ದದ್ದನ್ನು ಕಂಡು ಚೆಲುವಾಂಬಳಿಗೆ ಅಳು ಬರುವುದೊಂದು ಬಾಕಿ. ಒಂದು ದೊಡ್ಡ ಟೇಪ್ ರೆಕಾರ್ಡರ್, ಅದರ ಬೆನ್ನಿಗೆ ಬಿಗಿದ ಪ್ರೆಶರ್ ಕುಕ್ಕರ್, ಕುಕ್ಕರಿನಿಂದ ಹೊರಟ ವೈರುಗಳ ತುದಿಯಲ್ಲಿ ಮೂರು ಹೆಲ್ಮೆಟ್!

“ಏನಣ್ಣ ಇದು? ಅಡುಗೆ ಮಾಡ್ತದಾ, ಹಾಡು ಕೇಳುಸ್ತದಾ?” ಎಂದ ಡ್ರಮ್ಸ್ ಬಾರಿಸುವ ಗುರುಮಲ್ಲು.

“ಒಮ್ಮತ ಯಂತ್ರ ಕಣೋ ದಡ್ಡ!”

‘ಗೂಬೆಗಣ್ಣು’ ಎಂಬ ಈ ಬ್ಯಾಂಡ್ ಮೈಸೂರಿನ ಅಗ್ರಹಾರದ ಒಂದು ಮಹಡಿ ಕೋಣೆಯಲ್ಲಿ, ಮೊಟ್ಟೆಯ ಟ್ರೇ ಅಂಟಿಸಿದ ಗೋಡೆಗಳ ನಡುವೆ ಬದುಕಿತ್ತು. ಶೇಷುವಿನ ರಾಕ್ ಗಿಟಾರು, ಗುರುಮಲ್ಲುವಿನ ಕಂಸಾಳೆ ಪೆಟ್ಟು, ಚೆಲುವಾಂಬಳ ಶಾಸ್ತ್ರೀಯ ಆಲಾಪನೆ ಮೂರನ್ನೂ ಕಲಸಿದ ಸಂಗೀತ ಇವರದು. ಕಣ್ಣು ಮುಚ್ಚಿ ಕೇಳಿದರೆ ಬಣ್ಣಬಣ್ಣದ ಸುಳಿಗಳು ಕಾಣುತ್ತವೆ ಎನ್ನುತ್ತಿದ್ದರು ಅಭಿಮಾನಿಗಳು. ಉಳಿದವರು ತಲೆನೋವು ಎನ್ನುತ್ತಿದ್ದರು. ಬ್ಯಾಂಡ್ ಹುಟ್ಟಿದ ದಿನವೇ ಮೂವರೂ ಮಸಾಲೆ ದೋಸೆ ತಿನ್ನುತ್ತಾ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಮೂವರಲ್ಲಿ ಒಬ್ಬರು ‘ಬೇಡ’ ಎಂದರೂ ಆ ನಾದ ಆಲ್ಬಮ್ಮಿನಲ್ಲಿ ಇರಕೂಡದು! ಈ ಘನವಾದ ಪ್ರಜಾಪ್ರಭುತ್ವದ ದೆಸೆಯಿಂದ ಹೊಸ ಆಲ್ಬಮ್ಮು ‘ಹಾವಿನ ಹೊಟ್ಟೆಯಲ್ಲಿ ಹಗಲು’ ಆರು ವರ್ಷಗಳಿಂದ ಹೊಟ್ಟೆಯಲ್ಲೇ ಇತ್ತು. ಈಗ ಮಾತ್ರ ಮರುದಿನದ ಬಿಡುಗಡೆಗೆ ಸಭಾಂಗಣ ಗೊತ್ತುಮಾಡಿ, ಊರನ್ನೆಲ್ಲ ಕರೆದಾಗಿತ್ತು.

ಚೆಲುವಾಂಬಳಿಗೆ ಆ ಆಲ್ಬಮ್ಮಿನಲ್ಲಿ ಬೇಕಿದ್ದದ್ದು ಒಂದೇ ಒಂದು. ಮೂರನೆಯ ಹಾಡಿನಲ್ಲಿ ಅವಳ ಆಲಾಪನೆ ಇತ್ತು. ರೆಕಾರ್ಡಿಂಗ್ ನಡೆಯುತ್ತಿದೆ ಎಂದು ತಿಳಿಯದೆ, ಒಂದು ಬೆಳಿಗ್ಗೆ ತನ್ನ ಪಾಡಿಗೆ ತಾನು ಹಾಡಿಕೊಂಡದ್ದು. ಆಮೇಲೆ ಎಷ್ಟು ತಿಣುಕಿದರೂ ಹಾಗೆ ಹಾಡಲು ಆಗಿರಲಿಲ್ಲ. ಮದುವೆ ಆರತಕ್ಷತೆಗಳಲ್ಲಿ ಯಾರ್‍ಯಾರದೋ ಹಾಡು ಹಾಡಿ, ಊಟದ ಗದ್ದಲದಲ್ಲಿ ಯಾರೂ ಕೇಳದೆ, ಅವಳ ಅರ್ಧ ಆಯಸ್ಸು ಕಳೆದಿತ್ತು. ಈ ಆಲಾಪನೆಯೊಂದು ಜನರ ಕಿವಿಗೆ ಬಿದ್ದರೆ ತಾನು ಹಾಡಿದ್ದಕ್ಕೂ ಸಾರ್ಥಕ ಎಂದುಕೊಂಡಿದ್ದಳು.

“ಕೇಳೋವಾಗ ಯಾರ ತಲೇಲಾದ್ರೂ ‘ಬೇಡ’ ಅಂತ ಬಂದ್ರೆ ಸಾಕು, ಯಂತ್ರ ಆ ನಾದಾನ ಬೇರುಸಹಿತ ಕಿತ್ತುಹಾಕುತ್ತೆ!” ಎಂದು ಶೇಷು ಹೆಲ್ಮೆಟ್ಟುಗಳನ್ನು ಹಂಚಿದ.

“ಬೇರು ಅಂದ್ರೆ?” ಎಂದಳು ಚೆಲುವಾಂಬ.

“ಅದು ಹುಟ್ಟೋ ಜಾಗದಿಂದಲೇ!”

ಎಷ್ಟು ಜಂಬದಿಂದ ಹೇಳಿದನೆಂದರೆ, ಹಾಗೆಂದರೇನು ಎಂದು ಕೇಳಲು ಯಾರಿಗೂ ಹೊಳೆಯಲಿಲ್ಲ. ಟೇಪು ತಿರುಗಿತು.

ಮೊದಲ ಹಾಡಿನಲ್ಲಿ ಶೇಷುವಿನ ಗಿಟಾರು ಒಂದೇ ಸಮನೆ ಕೊರೆಯತೊಡಗಿತು. ಅದು ಸುತ್ತಿ ಸುತ್ತಿ ಹೊರಟಲ್ಲಿಗೇ ಬರುವಷ್ಟರಲ್ಲಿ ಗುರುಮಲ್ಲು ದೊಡ್ಡದಾಗಿ ಆಕಳಿಸಿದ. ಕುಕ್ಕರ್ ಕೂಗಿತು! ಗಿಟಾರಿನ ನಾದ ಥಟ್ಟನೆ ಮಾಯ.

“ಲೋ ದ್ರೋಹಿ! ಬೇಡ ಅಂದ್ಯೇನೋ?”

“ನಾನೇನಂದೆ? ಬರೀ ಆಕಳಿಸ್ದೆ ಕಣಣ್ಣ!”

ಶೇಷು ಸಿಟ್ಟಿನಿಂದ ಪಕ್ಕದಲ್ಲಿದ್ದ ಗಿಟಾರನ್ನೇ ಎತ್ತಿ ಬಾರಿಸಿದ. ತಂತಿಗಳು ಕುಣಿದವು, ಸದ್ದು ಮಾತ್ರ ಇಲ್ಲ. ಸ್ಪೀಕರಿಗೆ ಹಚ್ಚಿ ಬಾರಿಸಿದರೂ ಇಲ್ಲ! ಬೇರು ಕಿತ್ತುಬಂದಿತ್ತು. ಅವನ ಹೊಟ್ಟೆ ಎಷ್ಟು ಉರಿಯಿತೆಂದರೆ ಡ್ರಮ್ಸ್ ಸರದಿ ಬರುತ್ತಲೇ ಕುಕ್ಕರ್ ಇನ್ನೊಮ್ಮೆ ಕೂಗಿತು. ಗುರುಮಲ್ಲು ಗಾಬರಿಯಿಂದ ಕೋಲೆತ್ತಿ ಡ್ರಮ್ಮಿಗೆ ಬೀಸಿದರೆ ದಿಂಬಿಗೆ ಹೊಡೆದ ಹಾಗಾಯಿತು.

“ನನ್ನ ಹೊಟ್ಟೆ ಮೇಲೆ ಹೊಡೆದ್ಬುಟ್ಟಲ್ಲಣ್ಣೋ!”

ಇಷ್ಟಕ್ಕೇ ನಿಲ್ಲಲಿಲ್ಲ. ಬೀದಿಯಲ್ಲಿ ಹಳೇ ಪೇಪರಿನವನು ಮೈಕಿನಲ್ಲಿ ಕೂಗಿಕೊಂಡು ಬಂದ. ಮೂವರಿಗೂ ಒಟ್ಟಿಗೇ ಬೇಡವೆನಿಸಿತು. ಕಿಟಕಿಯಲ್ಲಿ ನೋಡಿದರೆ ಬಡಪಾಯಿ ಮೈಕನ್ನು ತಟ್ಟಿ ತಟ್ಟಿ ನೋಡುತ್ತಿದ್ದಾನೆ. ಅಷ್ಟರಲ್ಲಿ ಶೇಷುವಿನ ಹೆಂಡತಿ ವಾರಿಜ ಸೌಟು ಹಿಡಿದು ಮೆಟ್ಟಿಲೇರಿ ಬಂದಳು.

“ರೀ! ಮಿಕ್ಸಿ ತಿರುಗ್ತಾ ಇದೆ, ಸದ್ದೇ ಇಲ್ಲ! ಏನ್ರೀ ಮಾಡಿದ್ರಿ?”

“ಇದೊಂದು ಒಳ್ಳೇದೇ ಆಯ್ತಲ್ಲ ಅಕ್ಕ,” ಎಂದ ಗುರುಮಲ್ಲು. ಸೌಟು ಅವನ ಹೆಲ್ಮೆಟ್ಟಿಗೆ ಬಡಿಯಿತು. ಅದಕ್ಕೂ ಸದ್ದಿರಲಿಲ್ಲ.

“ಶೇಷು, ಮೊದಲು ಇದನ್ನ ಆಫ್ ಮಾಡು!” ಎಂದು ಚೀರಿದಳು ಚೆಲುವಾಂಬ. ಮೂರನೆಯ ಹಾಡು ಹತ್ತಿರ ಬರುತ್ತಿತ್ತು.

ಶೇಷು ತಲೆ ತಗ್ಗಿಸಿದ. “ಆಫ್ ಸ್ವಿಚ್ ಇಲ್ಲ. ನೀವಿಬ್ರೂ ಮಧ್ಯದಲ್ಲಿ ಮುನಿಸ್ಕೊಂಡು ಎದ್ದು ಹೋಗ್ತೀರಲ್ಲ, ಅದಕ್ಕೇ ಇಡ್ಲಿಲ್ಲ. ಹೆಲ್ಮೆಟ್ ಬೀಗಾನೂ ಟೇಪ್ ಮುಗಿದ್ಮೇಲೇ ಬಿಚ್ಚೋದು.”

ಪ್ಲಗ್ಗು ಕಿತ್ತರು. ಬ್ಯಾಟರಿ ಇತ್ತು! ಬ್ಯಾಟರಿ ಕುಕ್ಕರಿನೊಳಗಿತ್ತು, ಕುಕ್ಕರಿನ ಮುಚ್ಚಳವೋ ಬಿಸಿಗೆ ಕಚ್ಚಿಕೊಂಡಿತ್ತು.

ಚೆಲುವಾಂಬ ಇಬ್ಬರಿಗೂ ಕೈಮುಗಿದಳು. “ನಿಮ್ಮ ದಮ್ಮಯ್ಯ ಕಣ್ರೋ. ಇದೊಂದಕ್ಕೆ ಏನೂ ಅಂದ್ಕೋಬೇಡಿ.”

“ಅಕ್ಕ, ಇದನ್ನ ಬೇಡ ಅಂದ್ರೆ ನನ್ನ ನಾಲಿಗೆ ಸೇದೋಗ್ಲಿ,” ಎಂದ ಗುರುಮಲ್ಲು. ಶೇಷು ಆಗಲೇ ಕಣ್ಣು ಮುಚ್ಚಿದ್ದ.

ಆಲಾಪನೆ ಆರಂಭವಾಯಿತು. ಏನು ಹೇಳಲಿ ಅದನ್ನು! ಎದ್ದ ಕೂಡಲೆ ಮುಖಕ್ಕೆ ತಣ್ಣೀರು ಹಾಕಿಕೊಂಡಷ್ಟು ಹಿತವಾಗಿತ್ತು. ಗುರುಮಲ್ಲುವಿನ ಕಣ್ಣೀರು ಹೆಲ್ಮೆಟ್ಟಿನ ಪಟ್ಟಿಯೊಳಗೆ ಇಳಿಯಿತು. ವಾರಿಜ ಸೌಟು ಕೆಳಗಿಟ್ಟು ಅಲ್ಲೇ ಕುಳಿತಳು. ಕುಕ್ಕರ್ ಸುಮ್ಮನಿತ್ತು. ಚೆಲುವಾಂಬ ಉಸಿರು ಬಿಗಿಹಿಡಿದು ತನ್ನದೇ ದನಿಯ ಹಿಂದೆ ಹಿಂದೆ ನಡೆದಳು. ದನಿ ಮೇಲಿನ ಗಾಂಧಾರಕ್ಕೆ ಏರಿ ನಿಂತಿತು. ಅಲ್ಲಿ ಕೂದಲೆಳೆಯಷ್ಟು, ಲೋಕದಲ್ಲಿ ಇನ್ಯಾರ ಕಿವಿಗೂ ಸಿಗದಷ್ಟು ಮಾತ್ರ, ಕೆಳಗಿತ್ತು.

‘ಛೇ! ಇಲ್ಲಿ ಒಂಚೂರು ಇಳಿದುಬಿಟ್ಟೆನಲ್ಲ,’ ಎನಿಸಿತು ಅವಳಿಗೆ.

ಕುಕ್ಕರ್ ಕೂಗಿತು.

ಅವಳಿಗೆ ಏನಾಯಿತೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಷಡ್ಜ ಹಿಡಿಯಲು ಬಾಯಿ ತೆರೆದಳು. ಬರೀ ಉಸಿರು ಬಂತು. ಮತ್ತೆ ತೆರೆದಳು. ಮಾತು ಬರುತ್ತಿತ್ತು, ಬೈಗುಳವೂ ಬರುತ್ತಿತ್ತು, ಹಾಡು ಮಾತ್ರ ಇಲ್ಲ. ಟೇಪು ಮುಗಿದ ಮೇಲೆ, ಇಟ್ಟುಕೊಂಡಿದ್ದ ಇನ್ನೊಂದು ಪ್ರತಿಯನ್ನು ಹಾಕಿ ನೋಡಿದರು, ಅದರಲ್ಲೂ ಆ ಜಾಗ ಖಾಲಿ. ಗುರುಮಲ್ಲು ಶೇಷುವಿನ ಕೊರಳಪಟ್ಟಿ ಹಿಡಿದ, ಶೇಷು ಗುರುಮಲ್ಲುವಿನದನ್ನು ಹಿಡಿದ. ಅವರಿಬ್ಬರದೂ ತಪ್ಪಿಲ್ಲವೆಂದು ಅವಳಿಗೊಬ್ಬಳಿಗೇ ಗೊತ್ತಿತ್ತು. ಬೇರೆ ಯಾರಾದರೂ ಅಳಿಸಿದ್ದರೆ ಜನ್ಮವಿಡೀ ಅವರನ್ನು ಶಪಿಸಿಕೊಂಡಾದರೂ ಇರಬಹುದಿತ್ತು.

“ತಡಿ, ಉಲ್ಟಾ ತಿರುಗಿಸ್ತೀನಿ!” ಎಂದ ಶೇಷು. “ಕಳೆದದ್ದನ್ನ ನೆನೆಸ್ಕೊಂಡು ಮೂವರೂ ಮನಸಾರೆ ‘ಬೇಕು’ ಅಂದ್ರೆ ವಾಪಸ್ ಬರುತ್ತೆ.”

ಗಿಟಾರಿಗಾಗಿ ಗುರುಮಲ್ಲು ಕಣ್ಣುಮುಚ್ಚಿ ಹಲ್ಲು ಕಚ್ಚಿ ಪ್ರಯತ್ನಿಸಿದ. “ಆಯ್ತಾ ಇಲ್ಲ ಕಣಣ್ಣ. ಮನಸು ಸುಳ್ಳೇಳಾಕೆ ಒಪ್ತಿಲ್ಲ.” ಡ್ರಮ್ಸಿಗೆ ಶೇಷುವಿನ ಮನಸ್ಸೂ ಒಪ್ಪಲಿಲ್ಲ. ಆಲಾಪನೆಗೆ ಅವರಿಬ್ಬರದೂ ‘ಬೇಕು’ ಒಡನೆ ಸಿಕ್ಕಿತು. ಚೆಲುವಾಂಬಳದು ಸಿಗಲಿಲ್ಲ. ಅವಳು ನೆನೆಸಿಕೊಂಡಾಗಲೆಲ್ಲ ಮೊದಲು ನೆನಪಾಗುತ್ತಿದ್ದದ್ದು ಆ ಕೂದಲೆಳೆಯೇ! ಅದನ್ನು ಮರೆಯಬೇಕೆಂದು ಕೂತರೆ ಅದೊಂದೇ ಕೇಳುತ್ತಿತ್ತು. ಸಂಜೆಯವರೆಗೂ ಹಾಗೇ ಕೂತು ಕೊನೆಗೆ ಹೆಲ್ಮೆಟ್ ಕಳಚಿ, ಅದರೊಳಗೆ ಮುಖವಿಟ್ಟು ಅತ್ತಳು.

ಟೇಪಿನಲ್ಲಿ ಏನೂ ಉಳಿದಿರಲಿಲ್ಲ ಎನ್ನುವಂತಿಲ್ಲ. ಶ್ರುತಿ ಪೆಟ್ಟಿಗೆ ಉಳಿದಿತ್ತು. ಕೋಣೆಗೆ ಕಾಲಿಟ್ಟೊಡನೆ ಅದನ್ನು ಹಚ್ಚಿ, ಮನೆಗೆ ಹೊರಡುವಾಗ ಆರಿಸುವುದು ಅವರ ರೂಢಿ. ಸದಾ ಇರುವುದರಿಂದ ಆರು ವರ್ಷದಲ್ಲಿ ಒಬ್ಬರೂ ಅದಕ್ಕೆ ಕಿವಿಗೊಟ್ಟಿರಲಿಲ್ಲ. ಬೇಡವೆನ್ನಲು ಯಾರಿಗೂ ಅದು ಕೇಳಿಸಿರಲೇ ಇಲ್ಲ.

ಜನರನ್ನು ಕರೆದಾಗಿತ್ತು, ಬೇರೆ ದಾರಿಯಿರಲಿಲ್ಲ. ಮರುದಿನ ಸಭಾಂಗಣದಲ್ಲಿ ‘ಹಾವಿನ ಹೊಟ್ಟೆಯಲ್ಲಿ ಹಗಲು’ ಮೊದಲಿನಿಂದ ಕೊನೆಯವರೆಗೆ ಝೂಂ ಎಂದಿತು. ಒಬ್ಬನಿಗೆ ನೇರಳೆ ಬಣ್ಣದ ಆನೆ ಕಂಡಿತು. ಗಡ್ಡದವನೊಬ್ಬ ಎದ್ದು ನಿಂತು, ರಾಕ್ ಸಂಗೀತ ಇಲ್ಲಿಂದ ಮುಂದಕ್ಕೆ ಹೋಗುವುದು ಸಾಧ್ಯವೇ ಇಲ್ಲ ಎಂದು ಸಾರಿದ. ಹಿಂದಿನ ಸಾಲಿನಲ್ಲಿ ಕೂತು ಅಳುತ್ತಿದ್ದ ಚೆಲುವಾಂಬಳನ್ನು ನೋಡಿ, ಕಲಾವಿದೆ ಭಾವಪರವಶಳಾಗಿದ್ದಾಳೆ ಎಂದು ಚಪ್ಪಾಳೆ ಇನ್ನೂ ಜೋರಾಯಿತು.

ಮುಂದಿನ ಸಾಲಿನಿಂದ ಅವಳ ಅಮ್ಮ ಎದ್ದು ಬಂದರು. ಮಗಳಿಗೆ ಸರಳೆ ವರಸೆಯಿಂದ ಸಂಗೀತ ಕಲಿಸಿದವರು ಅವರೇ. ಇವತ್ತಿನವರೆಗೆ ಅವಳನ್ನು ಒಂದು ಮಾತು ಹೊಗಳಿದವರಲ್ಲ. ಬಂದವರೇ ಮಗಳ ತಲೆ ನೇವರಿಸಿದರು. ಅವರ ಕಣ್ಣಲ್ಲಿ ನೀರಾಡುತ್ತಿತ್ತು.

“ಈ ಸಲ ಹಾಡಿದ್ದೀಯ ನೋಡೇ ಚೆಲುವಿ! ಎಲ್ಲೂ ಒಂಚೂರೂ ಶ್ರುತಿ ಬಿಟ್ಟಿಲ್ಲ.”