ಸ್ಲಾಟಿಗೆ ಕೂತ ಮೆಮೊರಿ ಬೋರ್ಡು

ಮುಂಬೈಯ ಮಿಲ್ಲೊಂದರಲ್ಲಿ ನಾನು ಮಿನಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದವನು. ಹೆಸರು ಮಿನಿ, ಗಾತ್ರ ಬಟ್ಟೆಯ ಕಪಾಟಿನದು. ಮಿಲ್ಲು ಅದನ್ನು ಗುಜರಿಗೆ ಹಾಕಿದಾಗ ಲಾರಿಯಲ್ಲಿ ಬೈಂದೂರಿಗೆ ತಂದೆ. ಹೆಂಡತಿ ಸುಮಿತ್ರಾ ಆ ದಿನವೇ ಹಣೆ ಚಚ್ಚಿಕೊಂಡಳು.

ಈಚೆಗೆ ಕುಂದಾಪುರದ ಕಾಲೇಜೊಂದರ ಪ್ರಿನ್ಸಿಪಾಲರು, ಯಂತ್ರ ಚಾಲೂ ಆದರೆ ಅದರ ಮೇಲೆ ಪಾಠ ಮಾಡಲು ನೀವೇ ಬರಬೇಕು ಎಂದರು. ನಿವೃತ್ತನಾದ ಮೇಲೆ ನನ್ನನ್ನು ಯಾರೂ ಯಾವುದಕ್ಕೂ ಕರೆದಿರಲಿಲ್ಲ. ಭಾನುವಾರ ಮನೆಗೆ ಬನ್ನಿ, ಚಾಲೂ ಮಾಡಿ ತೋರಿಸುತ್ತೇನೆ ಎಂದುಬಿಟ್ಟೆ.

ಕೆಟ್ಟಿದ್ದದ್ದು ಮೆಮೊರಿ ಬೋರ್ಡು ಮಾತ್ರ. ಹಳೆಯ ಸಹೋದ್ಯೋಗಿಯೊಬ್ಬ ಬೇರೆ ಕಂಪನಿಯದೊಂದನ್ನು ಕೊರಿಯರಿನಲ್ಲಿ ಕಳಿಸಿ, ವಯರಿಂಗ್ ಹೊಂದುತ್ತದೆಯೇ ಮೊದಲು ನೋಡು ಎಂದು ಫೋನಿನಲ್ಲಿ ಎಚ್ಚರಿಸಿದ. ಇಡೀ ಜೀವಮಾನ ಸರ್ವೀಸು ಮಾಡಿದವನಿಗೆ ಉಪದೇಶ! ಸ್ಲಾಟಿಗೆ ಕೂತರೆ ಕೆಲಸ ಮಾಡಲೇಬೇಕು ಎಂಬುದು ನನ್ನ ಸಿದ್ಧಾಂತ. ಕೂತಿತು. ಬೆಣ್ಣೆಯ ಹಾಗೆ ಕೂತಿತು.

ಶನಿವಾರ ಸ್ವಿಚ್ ಹಾಕಿದೆ. ಅರೆಕೆಟ್ಟ ಹಳೆಯ ಬೋರ್ಡನ್ನು ಕೀಳದೆ ಹಾಗೇ ಬಿಟ್ಟಿದ್ದೆ; ಅದಕ್ಕೂ ಹೊಸದಕ್ಕೂ ಯಂತ್ರದೊಳಗೆ ಒಂದೇ ವಿಳಾಸ. ಯಂತ್ರ ಒಂದು ಮಾತು ಕೇಳಿದರೆ ಎರಡೂ ಒಟ್ಟಿಗೆ ಉತ್ತರ ಕೊಟ್ಟವು. ಯಂತ್ರ ತಬ್ಬಿಬ್ಬಾಗಿ ನಿಂತಿತು. ಹಳೆಯದನ್ನು ಕಿತ್ತೆ. ಆಗಲೂ ಏಳಲಿಲ್ಲ.

ಭಾನುವಾರ ಪ್ರಿನ್ಸಿಪಾಲರು ಬಂದರು. ತಮಾಷೆ ನೋಡಲು ಬ್ರಹ್ಮಾವರದಿಂದ ಸುಮಿತ್ರಾಳ ತಮ್ಮ ರಾಘುವೂ ಬಂದ. ಒಳಗೆ ಅವಳು ನೀರ್‌ದೋಸೆಗೆ ಅಕ್ಕಿ ರುಬ್ಬುತ್ತಿದ್ದಳು. ನಾನು ಗಂಭೀರವಾಗಿ ಗಂಟಲು ಸರಿಮಾಡಿಕೊಂಡು, ಬೋರ್ಡನ್ನು ಪಕ್ಕದ ಸ್ಲಾಟಿಗೆ ಬದಲಾಯಿಸಿ ಸ್ವಿಚ್ ಒತ್ತಿದೆ. ಎಲ್ಲ ಸ್ಲಾಟುಗಳೂ ನೋಡಲು ಒಂದೇ ಥರ. ಹಿಂಬದಿಯ ವಯರಿಂಗ್ ಮಾತ್ರ ಬೇರೆ ಬೇರೆ. ಅದು ನನಗೆ ನೆನಪಾದದ್ದು ಸ್ವಿಚ್ ಒತ್ತಿದ ಮೇಲೆ.

ದೀಪಗಳು ಮಿನುಗಿದವು. ಪ್ರಿನ್ಸಿಪಾಲರು ಚಪ್ಪಾಳೆ ತಟ್ಟಿದರು. ಹಿಂದಿನಿಂದ ನೀಲಿ ಹೊಗೆ ಎದ್ದಿತು.

"ಭಾವ, ಇದ್ರಗೆ ಹೊಗಿ ಬರ್ಕಾ?" ರಾಘು ನಿಜವಾದ ಕುತೂಹಲದಿಂದ ಕೇಳಿದ.

ನಾನು ಉತ್ತರಿಸುವ ಮೊದಲೇ ಢಬ್ ಎಂದಿತು. ಮನೆಯ ಕರೆಂಟೇ ಹೋಯಿತು. ಅಡುಗೆಮನೆಯಲ್ಲಿ ಗ್ರೈಂಡರ್ ನಿಂತಿತು.

"ಹ್ವಾಯ್, ಅಕ್ಕಿ ಅರ್ಧ ರುಬ್ಬಿ ನಿತ್ತಿತ್ತ್. ಬಂದವ್ರಿಗೆ ಇನ್ನ್ ಎಂತ ಕೊಡುದ್?" ಎಂದಳು ಸುಮಿತ್ರಾ.

ಬಾಳೆಹಣ್ಣು ಕೊಟ್ಟೆವು. ಪ್ರಿನ್ಸಿಪಾಲರು ಸಭ್ಯಸ್ಥರು. ಯಂತ್ರ ಚಾಲೂ ಇಲ್ಲದಿದ್ದರೂ ನೋಡಲು ಚೆನ್ನಾಗಿದೆ, ಕಾಲೇಜಿನಲ್ಲಿ ಇಡುತ್ತೇವೆ ಎಂದರು. ಅದನ್ನು ಟೆಂಪೋಗೆ ಹತ್ತಿಸಲು ಎಲ್ಲರಿಗಿಂತ ಮುಂದೆ ನಿಂತವಳು ಸುಮಿತ್ರಾ.

ಪಾಠಕ್ಕೆ ಕರೆ ಬರಲಿಲ್ಲ. ಯಂತ್ರವನ್ನು ನೋಡಲಿಕ್ಕಿಟ್ಟ ಕೋಣೆಯ ಉದ್ಘಾಟನೆಗೆ ಮಾತ್ರ ಕರೆದರು. ಶಾಲು ಹೊದೆಸಿ, ಯಂತ್ರದ ತಜ್ಞರು ಎಂದು ಪರಿಚಯಿಸಿದರು. ಎರಡು ಮಾತಾಡೋಣವೆಂದು ನಾನು ಯಂತ್ರದ ಬಳಿ ಹೋದೆ. ಪ್ರಿನ್ಸಿಪಾಲರು ನಗುನಗುತ್ತಲೇ, 'ಮುಟ್ಟಬಾರದು' ಎಂಬ ಫಲಕವನ್ನು ವಿದ್ಯಾರ್ಥಿಗಳ ಕಡೆಯಿಂದ ನನ್ನ ಕಡೆಗೆ ತಿರುಗಿಸಿದರು.